ಸುದ್ದಿ ತಂದವರಿಗೆ ಕರ್ತನು ಕೊಟ್ಟ ಉತ್ತರ

ಲೂಕನ ಸುವಾರ್ತೆಯ 13ನೆಯ ಅಧ್ಯಾಯದ ಆರಂಭದಲ್ಲಿ ಐದೇ ವಚನಗಳ ಒಂದು ಪ್ರಸಂಗವಿದೆ. ಕೆಲವರು ಯೇಸುವಿನ ಬಳಿಗೆ ಅಂದಿನ ಸುದ್ದಿಯೊಂದನ್ನು ಹೊತ್ತು ತರುತ್ತಾರೆ. ಬಲಿ ಅರ್ಪಿಸಲು ಹೋಗಿದ್ದ ಗಲಿಲಾಯದವರನ್ನು ರೋಮನ್ ಅಧಿಪತಿ ಪಿಲಾತನು ಕೊಲ್ಲಿಸಿದ್ದಾನೆ, ಅವರ ರಕ್ತವು ಅವರು ತಂದ ಬಲಿಗಳೊಂದಿಗೇ ಬೆರೆತುಹೋಗಿದೆ. ಪರಕೀಯರ ಆಡಳಿತ, ಪವಿತ್ರ ಸ್ಥಳದ ಅಪಮಾನ, ಆರಾಧಕರ ಕೊಲೆ, ಹೀಗೆ ಒಂದು ಜನಾಂಗದ ರೋಷ ಕುದಿಯಲು ಬೇಕಾದದ್ದೆಲ್ಲ ಆ ಒಂದು ಸುದ್ದಿಯಲ್ಲಿತ್ತು. ತಂದವರು ನಿರೀಕ್ಷಿಸಿದ್ದು ಪಿಲಾತನ ಖಂಡನೆಯನ್ನೋ, ಸತ್ತವರ ಪಾಪದ ಕುರಿತಾದ ವ್ಯಾಖ್ಯಾನವನ್ನೋ ಇರಬೇಕು. ಕರ್ತನು ಎರಡನ್ನೂ ಕೊಡಲಿಲ್ಲ. ಬದಲಿಗೆ ತಾನೇ ಇನ್ನೊಂದು ಸುದ್ದಿಯನ್ನು ಎತ್ತಿಕೊಂಡು, ಸಿಲೋವದಲ್ಲಿ ಬುರುಜು ಕುಸಿದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಾಗಿದ್ದರೇ ಎಂದು ಕೇಳಿ, ಎರಡು ಸಲವೂ ಒಂದೇ ಮಾತನ್ನು ಹೇಳಿದನು: ನೀವು ದೇವರ ಕಡೆಗೆ ತಿರುಗಿಕೊಳ್ಳದಿದ್ದರೆ ನೀವೂ ಹಾಗೆಯೇ ನಾಶವಾಗುವಿರಿ.

ಈ ಭಾಗವನ್ನು ನಾನು ಬಹಳ ವರ್ಷಗಳಿಂದ ಓದುತ್ತ ಬಂದಿದ್ದರೂ, ಅದು ಸುದ್ದಿಯನ್ನು ಕೇಳುವ ಬಗೆಯನ್ನೇ ಕಲಿಸುತ್ತಿದೆ ಎಂದು ನನಗೆ ಹೊಳೆದದ್ದು ಇತ್ತೀಚೆಗೆ. ಬೆಳಿಗ್ಗೆ ಎದ್ದೊಡನೆ ಪ್ರಾರ್ಥನೆಗೆ ಮುಂಚೆಯೇ ಫೋನನ್ನು ಕೈಗೆತ್ತಿಕೊಳ್ಳುವ ಅಭ್ಯಾಸ ನನ್ನಲ್ಲಿ ಯಾವಾಗ ಬೇರೂರಿತೋ ನೆನಪಿಲ್ಲ. ಎಲ್ಲೋ ಒಂದು ನ್ಯಾಯಾಲಯ ಕೊಟ್ಟ ತೀರ್ಪು, ಯಾವುದೋ ಸಂಸತ್ತು ಅಂಗೀಕರಿಸಿದ ಮಸೂದೆ, ನನ್ನ ನಂಬಿಕೆಯನ್ನು ಹೀಯಾಳಿಸಿದ ಯಾರದೋ ಮಾತು, ಇವೆಲ್ಲವನ್ನೂ ಓದಿ ಮುಗಿಸುವಷ್ಟರಲ್ಲಿ ಮನಸ್ಸು ಕೊತಕೊತನೆ ಕುದಿಯುತ್ತಿತ್ತು; ಆ ಕುದಿಯುವಿಕೆಯನ್ನೇ ನಾನು ಧರ್ಮನಿಷ್ಠೆ ಎಂದು ಭಾವಿಸಿಕೊಂಡಿದ್ದೆ. ಅದಾದ ಮೇಲೆ ಸತ್ಯವೇದವನ್ನು ತೆರೆದರೆ ವಾಕ್ಯವು ನನ್ನೊಂದಿಗೆ ಮಾತನಾಡುತ್ತಿರಲಿಲ್ಲ, ನನ್ನ ವಿರೋಧಿಗಳ ಮೇಲೆ ಎಸೆಯಲು ಕಲ್ಲುಗಳನ್ನು ಒದಗಿಸಿಕೊಡುತ್ತಿತ್ತು ಅಷ್ಟೆ. ಸುದ್ದಿ ತಂದ ಆ ಜನರ ಸಾಲಿನಲ್ಲಿ ನಾನೂ ನಿಂತಿದ್ದೆ, ಆದರೆ ಉತ್ತರ ಕೇಳಿಸಿಕೊಳ್ಳುವ ಮೊದಲೇ ಹೊರಟುಹೋಗುತ್ತಿದ್ದೆ.

ನನ್ನನ್ನು ಸಂಪ್ರದಾಯನಿಷ್ಠ ಕ್ರೈಸ್ತನೆಂದು ಕರೆಯುವವರಿದ್ದಾರೆ, ಆ ಹೆಸರನ್ನು ನಾನು ನಿರಾಕರಿಸುವುದಿಲ್ಲ. ಸತ್ಯವೇದವು ದೇವರ ವಾಕ್ಯವೆಂದೂ, ಯೇಸು ಕ್ರಿಸ್ತನು ಶರೀರದಲ್ಲಿಯೇ ಸಮಾಧಿಯಿಂದ ಎದ್ದನೆಂದೂ, ಮದುವೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣಿನ ನಡುವಿನ ಜೀವನಪರ್ಯಂತದ ಒಡಂಬಡಿಕೆಯೆಂದೂ, ಗರ್ಭದಲ್ಲಿರುವ ಶಿಶುವಿನಿಂದ ಹಿಡಿದು ಪ್ರಜ್ಞೆ ಮಸುಕಾದ ವೃದ್ಧರವರೆಗೆ ಪ್ರತಿಯೊಬ್ಬ ಮನುಷ್ಯನೂ ದೇವರ ಸ್ವರೂಪದಲ್ಲಿ ಉಂಟಾದವನೆಂದೂ ನಾನು ನಂಬುತ್ತೇನೆ. ಕಾಲ ಬದಲಾಯಿತೆಂಬ ಕಾರಣಕ್ಕೆ ಇವು ಬದಲಾಗುವುದಿಲ್ಲ. ಆದರೆ ಹಳೆಯದೆಲ್ಲ ಒಳ್ಳೆಯದೆಂಬ ಹಂಬಲಕ್ಕೂ ಈ ನಿಷ್ಠೆಗೂ ಬಹಳ ಅಂತರವಿದೆ. ಹಿಂದಿನ ದಿನಗಳು ಇಂದಿನ ದಿನಗಳಿಗಿಂತ ಏಕೆ ಚೆನ್ನಾಗಿದ್ದವು ಎಂದು ಕೇಳುವುದು ಜ್ಞಾನದ ಪ್ರಶ್ನೆಯಲ್ಲವೆಂದು ಪ್ರಸಂಗಿಯೇ ಎಚ್ಚರಿಸುತ್ತಾನೆ. ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಕೊನೆಯಲ್ಲಿ, ನಿನ್ನ ವಶಕ್ಕೆ ಒಪ್ಪಿಸಿರುವುದನ್ನು ಕಾಪಾಡು ಎನ್ನುತ್ತಾನೆ. ಅಲ್ಲಿರುವ ಗ್ರೀಕ್ ಪದಕ್ಕೆ ಇನ್ನೊಬ್ಬರ ಬಳಿ ನಂಬಿಕೆಯಿಂದ ಇಟ್ಟ ಠೇವಣಿ ಎಂಬ ಅರ್ಥವಿದೆ. ಠೇವಣಿಯನ್ನು ಕಾಯುವವನು ಅದರ ಒಡೆಯನಲ್ಲ. ಅದನ್ನು ತನ್ನ ಇಷ್ಟದಂತೆ ಕರಗಿಸುವ ಹಕ್ಕೂ ಅವನಿಗಿಲ್ಲ, ಅದನ್ನು ಎತ್ತಿ ತೋರಿಸಿ ಬೀಗುವ ಹಕ್ಕೂ ಇಲ್ಲ. ನಾನು ಮೊದಲನೆಯದರ ವಿಷಯದಲ್ಲಿ ಬಹಳ ಜಾಗರೂಕನಾಗಿದ್ದೆ. ಎರಡನೆಯದರ ವಿಷಯದಲ್ಲಿ ಜಾಗರೂಕನಾಗಿರಲಿಲ್ಲ.

ಇದನ್ನು ಒಂದು ನಿರ್ದಿಷ್ಟ ಸುದ್ದಿಯ ಮೂಲಕವೇ ಹೇಳುತ್ತೇನೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ ದಯಾಮರಣವನ್ನು ಕಾನೂನುಬದ್ಧಗೊಳಿಸಿದವು. ಕೆನಡಾ 2016ರಲ್ಲಿ ಅದೇ ದಾರಿ ಹಿಡಿಯಿತು. ಸಹಜ ಸಾವು ಸಮೀಪಿಸಿರಬೇಕೆಂದು ಮೊದಲು ಹಾಕಿಕೊಂಡಿದ್ದ ಷರತ್ತನ್ನು ಐದೇ ವರ್ಷಗಳಲ್ಲಿ, ಅಂದರೆ 2021ರಲ್ಲಿ, ತೆಗೆದುಹಾಕಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ 2025ರ ಜೂನ್ 20ರಂದು, ಸಾವಿನಂಚಿನ ರೋಗಿಗಳು ತಮ್ಮ ಜೀವನವನ್ನು ಕೊನೆಗೊಳಿಸಿಕೊಳ್ಳಲು ನೆರವು ನೀಡುವ ಮಸೂದೆಗೆ 314ಕ್ಕೆ 291 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆ ದಿನ ನಾನು ಗಂಟೆಗಟ್ಟಲೆ ಚರ್ಚೆಯನ್ನು ನೋಡಿದೆ. ಬೆಂಬಲಿಸಿದವರಲ್ಲಿ ಅನೇಕರು ಕ್ರೂರಿಗಳಾಗಿರಲಿಲ್ಲ. ನರಳಿ ಸತ್ತ ತಾಯಿಯನ್ನೋ ಗಂಡನನ್ನೋ ನೆನೆದು ಮಾತನಾಡುತ್ತಿದ್ದರು, ಅವರ ನೋವು ನಿಜವಾದದ್ದಾಗಿತ್ತು. ಆದರೂ ಅವರು ತೆಗೆದುಕೊಂಡ ನಿರ್ಣಯ ತಪ್ಪೆಂದೇ ನಾನು ನಂಬುತ್ತೇನೆ. ಪ್ರಾಣವು ದೇವರು ಕೊಟ್ಟದ್ದು, ಮತ್ತು ವೈದ್ಯನ ಕೈ ಒಮ್ಮೆ ಕೊಲ್ಲುವುದಕ್ಕೂ ಅನುಮತಿ ಪಡೆದರೆ, ಹಾಸಿಗೆ ಹಿಡಿದ ಪ್ರತಿಯೊಬ್ಬರೂ ತಾವು ಇನ್ನೂ ಏಕೆ ಬದುಕಿದ್ದೇವೆಂದು ಸಮಜಾಯಿಷಿ ಕೊಡಬೇಕಾದ ಸ್ಥಿತಿಗೆ ಬರುತ್ತಾರೆ. ಇಂಥ ಕಾನೂನು 1997ರಿಂದ ಜಾರಿಯಲ್ಲಿರುವ ಅಮೆರಿಕದ ಒರೆಗಾನ್ ರಾಜ್ಯದ ವಾರ್ಷಿಕ ವರದಿಗಳಲ್ಲಿ, ರೋಗಿಗಳು ಕೊಟ್ಟ ಕಾರಣಗಳ ಪಟ್ಟಿಯ ಮೇಲ್ತುದಿಯಲ್ಲಿ ನೋವು ಇರುವುದಿಲ್ಲ. ಸ್ವಾವಲಂಬನೆ ಕಳೆದುಹೋಗುವ ಚಿಂತೆ ಅಲ್ಲಿರುತ್ತದೆ; ಮನೆಯವರಿಗೆ ಹೊರೆಯಾಗುತ್ತೇನೆಂಬ ಭಯವೂ ನೋವಿಗಿಂತ ಹೆಚ್ಚಿನವರ ಬಾಯಲ್ಲಿ ಬರುತ್ತದೆ.

ಹೊರೆ ಎಂಬ ಆ ಪದವನ್ನು ನಾನು ಸುಲಭವಾಗಿ ದಾಟಿಹೋಗಲಾರದಾದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು, ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ, ಹೀಗೆ ಕ್ರಿಸ್ತನ ನಿಯಮವನ್ನು ನೆರವೇರಿಸಿರಿ ಎನ್ನುತ್ತಾನೆ. ಹಾಗಾದರೆ ಸಭೆ ಎಂಬುದು ಒಬ್ಬರಿಗೊಬ್ಬರು ಹೊರೆಯಾಗುವುದಕ್ಕೆ ಅನುಮತಿಯಿರುವ ಸ್ಥಳ. ದಯಾಮರಣದ ವಿರುದ್ಧ ಆ ದಿನ ನಾಲ್ಕಾರು ಪ್ಯಾರಾಗಳನ್ನು ರೋಷದಿಂದ ಬರೆದು ಹಂಚಿಕೊಂಡಿದ್ದ ನಾನು, ನಮ್ಮ ಸಭೆಯ ಸದಸ್ಯರ ಪಟ್ಟಿಯಲ್ಲಿ ಆರಾಧನೆಗೆ ಬರಲಾಗದಷ್ಟು ಅಶಕ್ತರಾದವರು ಯಾರ್ಯಾರಿದ್ದಾರೆಂದು ಮರುದಿನ ಲೆಕ್ಕಹಾಕಿದೆ. ಏಳು ಮಂದಿ. ಅವರಲ್ಲಿ ಒಬ್ಬರ ಮನೆಗೂ ನಾನು ಆ ವರ್ಷ ಹೋಗಿರಲಿಲ್ಲ. ಸಭಾಪಾಲಕರು ಹೋಗುತ್ತಾರೆ, ಅದು ಅವರ ಸೇವೆಯಲ್ಲವೇ ಎಂದು ಅಂದುಕೊಂಡಿದ್ದೆ.

ಆರಂಭದ ಕ್ರೈಸ್ತರು ಈ ವಿಷಯದಲ್ಲಿ ನಮ್ಮನ್ನು ನಾಚಿಸುತ್ತಾರೆ. ಕ್ರಿ.ಪೂ. 1ರಲ್ಲಿ ಹಿಲಾರಿಯನ್ ಎಂಬ ಕೆಲಸಗಾರ ಅಲೆಕ್ಸಾಂಡ್ರಿಯದಿಂದ ತನ್ನ ಗರ್ಭಿಣಿ ಹೆಂಡತಿಗೆ ಬರೆದ ಪಪೈರಸ್ ಓಲೆಯೊಂದು ಈಜಿಪ್ಟಿನಲ್ಲಿ ಸಿಕ್ಕಿದೆ. ಪ್ರೀತಿಯ ಮಾತುಗಳ ನಡುವೆಯೇ ಅವನು, ಗಂಡಾದರೆ ಇಟ್ಟುಕೋ, ಹೆಣ್ಣಾದರೆ ಹೊರಗೆಸೆ ಎಂದು ಬರೆದಿದ್ದಾನೆ. ಅದು ಅಂದಿನ ಲೋಕಕ್ಕೆ ಅಪರಾಧವಾಗಿರಲಿಲ್ಲ, ಗೃಹಕೃತ್ಯದ ಒಂದು ಸೂಚನೆಯಷ್ಟೇ ಆಗಿತ್ತು. ಅಂಥ ಲೋಕದ ನಡುವೆ, ದಿದಾಖೆ ಎಂದು ಹೆಸರಾದ ಸಭೆಯ ಕೈಪಿಡಿ, ಗರ್ಭಪಾತ ಮಾಡಬಾರದು, ಹುಟ್ಟಿದ ಶಿಶುವನ್ನು ಕೊಲ್ಲಬಾರದು ಎಂದು ನೇರವಾಗಿ ಆಜ್ಞಾಪಿಸಿತು. ರೋಮ್ ಸಾಮ್ರಾಜ್ಯವು ಶಿಶುಹತ್ಯೆಯನ್ನು ಮರಣದಂಡನೆಗೆ ತಕ್ಕ ಅಪರಾಧವೆಂದು ಸಾರಿದ್ದು 374ರಲ್ಲಿ. ಅಷ್ಟು ದೀರ್ಘಕಾಲ ಕ್ರೈಸ್ತರ ಕೈಯಲ್ಲಿ ಕಾನೂನು ಇರಲಿಲ್ಲ, ಮನೆಗಳಿದ್ದವು. ಕ್ರೈಸ್ತನಂಬಿಕೆಯನ್ನು ತೊರೆದು ಹಳೆಯ ದೇವತೆಗಳನ್ನು ಮತ್ತೆ ಸ್ಥಾಪಿಸಲು ಹೊರಟ ಜೂಲಿಯನ್ ಚಕ್ರವರ್ತಿ ತನ್ನ ಗಲಾತ್ಯದ ಪ್ರಧಾನ ಪುರೋಹಿತನಿಗೆ ಬರೆದ ಪತ್ರದಲ್ಲಿ ದೂರಿದ್ದು ಕ್ರೈಸ್ತರ ವಾದಗಳ ಬಗ್ಗೆಯಲ್ಲ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂಬುದು ಅವನ ಸಂಕಟ. ನಮ್ಮನ್ನು ದ್ವೇಷಿಸುವವರು ಇಂದು ನಮ್ಮ ಬಗ್ಗೆ ಬರೆಯುವ ದೂರುಗಳಲ್ಲಿ ಇಂಥದ್ದೊಂದು ಇದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇದು ಪುರಾತನ ಕಾಲಕ್ಕೆ ಮಾತ್ರ ಸಲ್ಲುವ ಮಾತೂ ಅಲ್ಲ. ಸಿಸಿಲಿ ಸಾಂಡರ್ಸ್ ಇಂಗ್ಲೆಂಡಿನಲ್ಲಿ ಮೊದಲು ದಾದಿಯಾಗಿದ್ದವರು, ಬಳಿಕ ಆಸ್ಪತ್ರೆಯ ಸಮಾಜಕಾರ್ಯಕ್ಕೆ ಸೇರಿ, ಸಾಯುತ್ತಿರುವವರ ನೋವನ್ನು ವೈದ್ಯರು ಗಂಭೀರವಾಗಿ ಪರಿಗಣಿಸುತ್ತಿಲ್ಲವೆಂದು ಕಂಡು, ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿ 1957ರಲ್ಲಿ ವೈದ್ಯೆಯಾದರು. ಪ್ರೌಢ ವಯಸ್ಸಿನಲ್ಲಿ ಕ್ರಿಸ್ತನಲ್ಲಿ ನಂಬಿಕೆಗೆ ಬಂದ ಅವರು ತಮ್ಮ ಕೆಲಸವನ್ನು ದೇವರ ಕರೆಯೆಂದೇ ತಿಳಿದಿದ್ದರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸಾಯುತ್ತಿರುವವರ ಆರೈಕೆಗಾಗಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್‌ನಿಂದ ಇಂದಿನ ಉಪಶಾಮಕ ಆರೈಕೆಯ ಚಳವಳಿ ಬೆಳೆಯಿತು. ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದೂ ಸಂಬಂಧಗಳದೂ ಆತ್ಮದ್ದೂ ಹೌದು ಎಂದು ಅವರು ಕಲಿಸಿದರು. ನೋವು ಮರುಕಳಿಸುವವರೆಗೆ ಕಾಯದೆ ಗಂಟೆಗಳ ಲೆಕ್ಕದಲ್ಲಿ ಔಷಧಿ ಕೊಡಬೇಕೆಂಬ ಕ್ರಮವನ್ನು ರೂಢಿಗೆ ತಂದರು. ದಯಾಮರಣವನ್ನು ಅವರು ಜೀವನವಿಡೀ ವಿರೋಧಿಸಿದರು. ಆ ವಿರೋಧಕ್ಕೆ ತೂಕ ಬಂದದ್ದು ಅವರು ಮಂಚದ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡ ಗಂಟೆಗಳಿಂದ. ಸಂಪ್ರದಾಯನಿಷ್ಠೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈಗ ಈ ಹೆಣ್ಣುಮಗಳ ಹೆಸರನ್ನು ಹೇಳುತ್ತೇನೆ.

ಕಾನೂನಿನ ಹೋರಾಟ ಬೇಡವೆಂದು ನಾನು ಹೇಳುತ್ತಿಲ್ಲ. ವಿಲ್ಬರ್‌ಫೋರ್ಸ್ ಮತ್ತು ಅವರ ಸಂಗಡಿಗರು ಬ್ರಿಟಿಷ್ ಸಂಸತ್ತಿನಲ್ಲಿ ಸೋಲಿನ ಮೇಲೆ ಸೋಲನ್ನು ಉಂಡು, 1807ರಲ್ಲಿ ಗುಲಾಮರ ವ್ಯಾಪಾರಕ್ಕೆ ನಿಷೇಧ ತಂದದ್ದು ಮತಗಳಿಂದಲೇ. ಆದರೆ ರಾಜಕೀಯ ಬಲದ ಸಾಮೀಪ್ಯ ನಂಬಿಕೆಗೆ ತರುವ ಅಪಾಯ ನಮ್ಮ ಕಡೆಯವರಿಗೆ ಕಾಣಿಸುವುದು ಕಡಿಮೆ. 1933ರ ಜರ್ಮನಿಯಲ್ಲಿ ಕ್ರೈಸ್ತ ಸಭೆಯ ಚುನಾವಣೆಗಳನ್ನು ಗೆದ್ದ, ನಾಜಿಗಳ ಪರವಾಗಿದ್ದ 'ಜರ್ಮನ್ ಕ್ರೈಸ್ತರು' ಎಂಬ ಬಣವು ತಾನು ಧರ್ಮವನ್ನು ಅವನತಿಯಿಂದ ಕಾಪಾಡುತ್ತಿದ್ದೇನೆಂದೇ ಹೇಳಿಕೊಂಡಿತ್ತು. ಅದೇ ವರ್ಷದ ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಂಗಣವೊಂದರಲ್ಲಿ ನಡೆದ ಆ ಬಣದ ಭಾರಿ ಸಭೆಯಲ್ಲಿ, ಹಳೆಯ ಒಡಂಬಡಿಕೆಯನ್ನೇ ತೆಗೆದುಹಾಕಬೇಕೆಂದು ವೇದಿಕೆಯಿಂದ ಕರೆಕೊಟ್ಟಾಗ ಚಪ್ಪಾಳೆ ಬಿತ್ತು. ದೇಶವನ್ನು ಕಾಪಾಡಲು ಹೊರಟವರು ಠೇವಣಿಯ ಮುಕ್ಕಾಲು ಪಾಲನ್ನು ಬೀದಿಗೆಸೆಯಲು ಸಿದ್ಧರಾಗಿದ್ದರು. ಮರುವರ್ಷದ ಮೇ ತಿಂಗಳ ಕೊನೆಯಲ್ಲಿ ಬಾರ್ಮನ್ ಪಟ್ಟಣದಲ್ಲಿ ಸೇರಿದ, ಆ ಬಣವನ್ನು ವಿರೋಧಿಸಿದ ಸಭೆಗಳ ಪ್ರತಿನಿಧಿಗಳು, ನಾವು ಕೇಳಬೇಕಾದ, ನಂಬಬೇಕಾದ, ವಿಧೇಯರಾಗಬೇಕಾದ ದೇವರ ಏಕೈಕ ವಾಕ್ಯವು ಯೇಸು ಕ್ರಿಸ್ತನೇ ಎಂದು ಸಾರಿದರು. ಆ ಘೋಷಣೆಯಲ್ಲೂ ಯೆಹೂದ್ಯರ ಪರವಾಗಿ ಒಂದು ಮಾತಿರಲಿಲ್ಲ. ಅದನ್ನು ಮುಖ್ಯವಾಗಿ ಬರೆದ ಕಾರ್ಲ್ ಬಾರ್ತ್ ಬಹುಕಾಲದ ಮೇಲೆ ಅದು ತನ್ನ ತಪ್ಪೆಂದು ಒಪ್ಪಿಕೊಂಡರು. ಸರಿಯಾಗಿ ನಿಂತವರಿಗೂ ಪಶ್ಚಾತ್ತಾಪ ಬೇಕಾಯಿತು. ಯಾವುದೇ ನಾಯಕನು ನನ್ನ ಮೌಲ್ಯಗಳ ಹೆಸರೆತ್ತಿ ಮತ ಕೇಳಿದಾಗ ನಾನು ಈ ಇತಿಹಾಸವನ್ನು ನೆನಪಿಸಿಕೊಳ್ಳುತ್ತೇನೆ.

ಹಾಗಾದರೆ ಸುದ್ದಿಯ ಈ ಪ್ರವಾಹದಲ್ಲಿ ನಂಬಿಕೆಯನ್ನು ಕಾಯುವುದು ಎಲ್ಲಿಂದ ಪ್ರಾರಂಭವಾಗಬೇಕು? ನನ್ನ ಮಟ್ಟಿಗೆ ಅದು ಕರ್ತನ ದಿನದಿಂದ ಪ್ರಾರಂಭವಾಯಿತು. ಡಯೊಕ್ಲೇಷಿಯನ್ ಚಕ್ರವರ್ತಿಯ ಹಿಂಸೆಯ ದಿನಗಳಲ್ಲಿ, 304ರಲ್ಲಿ, ಉತ್ತರ ಆಫ್ರಿಕದ ಅಬಿತಿನೆ ಎಂಬ ಊರಿನ 49 ಮಂದಿ ವಿಶ್ವಾಸಿಗಳು ನಿಷೇಧವನ್ನು ಮೀರಿ ಒಂದು ಮನೆಯಲ್ಲಿ ಆರಾಧನೆಗೆ ಕೂಡಿದ್ದಾಗ ಸೆರೆಸಿಕ್ಕರು. ಕಾರ್ಥೇಜಿನ ವಿಚಾರಣೆಯಲ್ಲಿ, ಏಕೆ ಆಜ್ಞೆ ಮೀರಿದಿರಿ ಎಂದು ಕೇಳಿದಾಗ ಬಂದ ಉತ್ತರ, ಕರ್ತನ ದಿನದ ಕೂಟವಿಲ್ಲದೆ ನಾವು ಇರಲಾರೆವು ಎಂಬುದು. ಸಾಮ್ರಾಜ್ಯದ ಬಗ್ಗೆ ಅವರು ಭಾಷಣ ಮಾಡಲಿಲ್ಲ. ಭಾನುವಾರ ಕೂಡಿಬಂದರು, ಅಷ್ಟೇ, ಮತ್ತು ಅದಕ್ಕಾಗಿ ಪ್ರಾಣ ಕೊಟ್ಟರು.

ಜನರ ಹೃದಯವನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳಲು ಹೊರಟ ಆಳ್ವಿಕೆಗಳು ಈ ದಿನದ ಮೇಲೆ ಕೈಹಾಕಿರುವುದು ಆಕಸ್ಮಿಕವಲ್ಲ. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಏಳು ದಿನಗಳ ವಾರವನ್ನೇ ಅಳಿಸಿ ಹತ್ತು ದಿನಗಳ ಎಣಿಕೆಯನ್ನು ತಂದರು. ಅವರ ಆ ಪಂಚಾಂಗ 1806ರ ಆರಂಭದಲ್ಲಿ ಪೂರ್ತಿಯಾಗಿ ರದ್ದಾಯಿತು. ಸೋವಿಯತ್ ಒಕ್ಕೂಟ 1929ರಲ್ಲಿ ಐದು ದಿನಗಳ ನಿರಂತರ ವಾರವನ್ನು ಜಾರಿಗೊಳಿಸಿತು. ಕಾರ್ಮಿಕರನ್ನು ಐದು ಗುಂಪುಗಳಾಗಿ ಹಂಚಿ ಒಂದೊಂದಕ್ಕೆ ಬೇರೆ ಬೇರೆ ದಿನ ಬಿಡುವು ಕೊಟ್ಟದ್ದರಿಂದ ಗಂಡನಿಗೆ ಬಿಡುವಿದ್ದ ದಿನ ಹೆಂಡತಿಗೆ ಕೆಲಸ, ಇಬ್ಬರಿಗೂ ಬಿಡುವಿದ್ದ ದಿನ ಎಂಬುದೇ ಅನೇಕ ಮನೆಗಳಲ್ಲಿ ಇಲ್ಲದಂತಾಯಿತು. ಎಲ್ಲರೂ ಒಟ್ಟಿಗೆ ಆರಾಧಿಸುವ ದಿನವಂತೂ ಲೆಕ್ಕದಿಂದಲೇ ಹೋಯಿತು. 1931ರಲ್ಲಿ ಅದು ಆರು ದಿನಗಳ ವಾರವಾಗಿ ಬದಲಾಗಿ, 1940ರಲ್ಲಿ ಏಳು ದಿನಗಳ ವಾರವೇ ಹಿಂದಿರುಗಿತು. ಈಗ ಅಂಥ ಆಜ್ಞೆ ಹೊರಡಿಸುವ ಅಗತ್ಯ ಯಾವ ಸರ್ಕಾರಕ್ಕೂ ಇಲ್ಲ. ಭಾನುವಾರದ ಆರಾಧನೆಯ ನಡುವೆಯೇ, ಪ್ರಸಂಗ ನಡೆಯುತ್ತಿರುವಾಗಲೇ, ಜೇಬಿನಲ್ಲಿ ಕಂಪಿಸುವ ಫೋನನ್ನು ತೆಗೆದು ನೋಡಿದವನು ನಾನೇ, ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ.

ಧರ್ಮೋಪದೇಶಕಾಂಡದಲ್ಲಿ ದಶಾಜ್ಞೆಗಳನ್ನು ಮತ್ತೆ ಹೇಳುವಾಗ ಮೋಶೆಯು ಸಬ್ಬತ್ತಿಗೆ ಕೊಡುವ ಕಾರಣ ಗಮನಾರ್ಹವಾದದ್ದು: ನೀನು ಐಗುಪ್ತದಲ್ಲಿ ದಾಸನಾಗಿದ್ದೆ, ನಿನ್ನ ದೇವರು ನಿನ್ನನ್ನು ಅಲ್ಲಿಂದ ಬರಮಾಡಿದನು, ಅದನ್ನು ಜ್ಞಾಪಕಮಾಡಿಕೋ. ವಿಶ್ರಾಂತಿ ದಿನವು ಬಿಡುಗಡೆಯಾದವರ ಗುರುತು. ಆದ್ದರಿಂದ ನಮ್ಮ ಮನೆಯಲ್ಲಿ ಈಗ ಶನಿವಾರ ರಾತ್ರಿ ಫೋನುಗಳನ್ನು ಆರಿಸಿ ಮೇಜಿನ ಖಾನೆಯಲ್ಲಿ ಇಡುತ್ತೇವೆ, ಸೋಮವಾರ ಬೆಳಗಿನ ಪ್ರಾರ್ಥನೆಯಾದ ಮೇಲೆ ತೆಗೆಯುತ್ತೇವೆ. ಮೊದಲ ಕೆಲವು ವಾರ ನನಗೆ ಆದ ಚಡಪಡಿಕೆಯನ್ನು ಕಂಡು ನಾನೇ ಗಾಬರಿಗೊಂಡೆ. ನಾನು ಓದದಿದ್ದರೂ ಲೋಕ ನಡೆಯುತ್ತಿತ್ತು, ದೇವರು ಸಿಂಹಾಸನದಲ್ಲಿದ್ದನು. ಇದನ್ನು ನಾನು ಬಾಯಲ್ಲಿ ಹೇಳುತ್ತ ಬಂದಿದ್ದರೂ ದೇಹವು ನಂಬಿರಲಿಲ್ಲ. ತುರ್ತು ಕೆಲಸದವರಿಗೆ, ರೋಗಿಗಳಿರುವ ಮನೆಯವರಿಗೆ ಇದು ಸಾಧ್ಯವಾಗದಿರಬಹುದು, ಅವರ ಮೇಲೆ ನಾನು ಇದನ್ನು ನೊಗವಾಗಿ ಹೇರಲಾರೆ. ಸಬ್ಬತ್ತು ಮನುಷ್ಯನಿಗಾಗಿ ಉಂಟಾಯಿತು ಎಂದು ಕರ್ತನೇ ಹೇಳಿದ್ದಾನೆ.

ಸುದ್ದಿಯಿಂದ ಒಂದು ದಿನ ದೂರವಿದ್ದುದರಿಂದ ಉಳಿದ ಆರು ದಿನಗಳ ಸುದ್ದಿಯನ್ನು ಓದುವ ರೀತಿಯೂ ಬದಲಾಯಿತು. ಯೆರೆಮೀಯನ ಕಾಲದಲ್ಲಿ, ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆಹೋದವರ ಬಗ್ಗೆ ಹನನ್ಯನೆಂಬ ಪ್ರವಾದಿ ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆಂದು ಸಾರಿದನು. ಅದು ಕೇಳುವವರಿಗೆ ಇಷ್ಟವಾಗುವ ಸುದ್ದಿ. ಯೆರೆಮೀಯನಾದರೋ 70 ವರ್ಷ ಎಂದನು. ಮನೆಗಳನ್ನು ಕಟ್ಟಿಕೊಳ್ಳಿ, ತೋಟಗಳನ್ನು ಮಾಡಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯೊಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಪತ್ರ ಬರೆದನು. ಮುಂದಿನ ಚುನಾವಣೆಯೋ ಮುಂದಿನ ತೀರ್ಪೋ ನಮ್ಮನ್ನು ಉಳಿಸುತ್ತದೆ ಅಥವಾ ಮುಳುಗಿಸುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹನನ್ಯನ ದನಿ ಕೇಳಿಸುತ್ತದೆ. ಶತ್ರುವಿನ ಪಟ್ಟಣಕ್ಕಾಗಿ ಪ್ರಾರ್ಥಿಸುವುದು ಮಾತ್ರ ನನಗೆ ಬರುತ್ತಿರಲಿಲ್ಲ. ಅದನ್ನು ನಾನು ಆ ಏಳು ಮಂದಿಯಲ್ಲಿ ಒಬ್ಬರಿಂದ ಕಲಿಯುತ್ತಿದ್ದೇನೆ.

ಅವರು ಎಂಬತ್ತು ದಾಟಿದ ಹಿರಿಯ ತಾಯಿ, ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆಯಲ್ಲೇ ಇದ್ದಾರೆ, ಕಣ್ಣು ಮಂಜಾಗಿ ಓದಲಾಗುವುದಿಲ್ಲ. ಗುರುವಾರ ಸಂಜೆಗಳಲ್ಲಿ ನಾನು ಹೋಗುತ್ತೇನೆ. ಮೊದಲ ದಿನ ಕೀರ್ತನೆಯೊಂದನ್ನು ಓದಿ ಹೊರಡಲು ಎದ್ದಾಗ ಅವರು ನನ್ನ ಕೈ ಹಿಡಿದು, "ಇವತ್ತು ಏನು ಸುದ್ದಿ, ಮಗಾ?" ಎಂದು ಕೇಳಿದರು. ಹೊತ್ತು ಹೋಗದೆ ಬೇಸರಕ್ಕೆ ಕೇಳುತ್ತಿದ್ದಾರೆಂದು ತಿಳಿದು, ಫೋನಿನಲ್ಲಿದ್ದ ತಲೆಬರಹಗಳನ್ನು ಓದತೊಡಗಿದೆ. ಮೂರನೆಯದಕ್ಕೆ ಅವರು ನನ್ನನ್ನು ತಡೆದರು. ಅದು ನಾನು ವರ್ಷಗಳಿಂದ ಸಿಟ್ಟಿನಿಂದ ಹಿಂಬಾಲಿಸುತ್ತಿದ್ದ ಒಬ್ಬ ರಾಜಕಾರಣಿಯ ಸುದ್ದಿ, ಓದುವಾಗ ನನ್ನ ದನಿಯಲ್ಲಿ ಆ ಸಿಟ್ಟು ಅವರಿಗೆ ಕೇಳಿಸಿರಲೂಬಹುದು.

"ಅವರಿಗೆ ಮಕ್ಕಳಿದ್ದಾರಾ?" ಎಂದು ಕೇಳಿದರು.

ಆ ಮನುಷ್ಯನ ಭಾಷಣಗಳೆಲ್ಲ ನನಗೆ ಗೊತ್ತಿದ್ದವು, ಅವರು ಯಾವ ಮಸೂದೆಗೆ ಹೇಗೆ ಮತ ಹಾಕಿದರೆಂದು ಹೇಳಬಲ್ಲೆನಾಗಿದ್ದೆ. ಮಕ್ಕಳಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.

"ಇರಲಿ, ದೇವರಿಗೆ ಗೊತ್ತಿರುತ್ತದೆ. ಹೆಸರು ಇನ್ನೊಂದು ಸಲ ಹೇಳು, ನನಗೆ ಸರಿಯಾಗಿ ಕೇಳಿಸಲಿಲ್ಲ" ಎಂದು ಅವರು ಕಣ್ಣು ಮುಚ್ಚಿಕೊಂಡರು. ನಾನು ಹೆಸರನ್ನು ಹೇಳಿದೆ. ಅವರು ಅದನ್ನು ತಪ್ಪಾಗಿ ಉಚ್ಚರಿಸುತ್ತ, ಆ ಮನುಷ್ಯನಿಗೂ ಅವನ ಮನೆಯವರಿಗೂ ಆರೋಗ್ಯವನ್ನೂ ದೇವಭಯವನ್ನೂ ರಾತ್ರಿ ಒಳ್ಳೆಯ ನಿದ್ರೆಯನ್ನೂ ಕೊಡಬೇಕೆಂದು ಬಹಳ ಹೊತ್ತು ಬೇಡಿಕೊಂಡರು. ಆಮೇಲೆ ಕಣ್ಣು ತೆರೆಯದೆಯೇ, "ಮುಂದಿನದು ಓದು" ಎಂದರು.